ಅಂಜೂರ ನೆಡುವ ಮೊದಲು ನಿಮ್ಮೂರಿನ ಮಳೆ ನೋಡಿ

(ಕೈತೋಟದ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಎದುರಿಗೆ ಬೆಂಗಳೂರು, ಮೈಸೂರು ಕಡೆಯವರು ಕೂತಿದ್ದರು. ಪರದೆಯಲ್ಲಿ ಸಿಯಾಟಲ್, ನ್ಯೂಜೆರ್ಸಿ, ಹ್ಯೂಸ್ಟನ್, ಲಂಡನ್‌ನಿಂದ ಸೇರಿಕೊಂಡವರಿದ್ದರು. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಂಜೂರ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, ಎಲ್ಲಕ್ಕಿಂತ ಸಿಹಿ ತಳಿ ಯಾವುದು ಅಂತ. ಇವತ್ತೂ ಬಂತು, ನಾನು ಮೈಕ್ ಹಿಡಿಯುವ ಮೊದಲೇ! ಅದಕ್ಕೆ ನಾನು ತಿರುಗಿ ಕೇಳುವುದು ಇಷ್ಟೇ: ನಿಮ್ಮೂರಲ್ಲಿ ಮಳೆ ಯಾವ ತಿಂಗಳು ಬಂದು ಯಾವ ತಿಂಗಳು ನಿಲ್ಲುತ್ತದೆ? ಚಳಿ ಎಷ್ಟಕ್ಕೆ ಇಳಿಯುತ್ತದೆ? ಇದು ಗೊತ್ತಾಗದೆ ತಳಿಯ ಹೆಸರು ಹೇಳಿ ಪ್ರಯೋಜನ ಇಲ್ಲ. ಸಿಯಾಟಲ್‌ನವರು ತಲೆ ಮೇಲೆ ಹೊತ್ತು ಮೆರೆಸುವ ಡೆಸರ್ಟ್ ಕಿಂಗ್ ಅನ್ನುವ ತಳಿಯನ್ನು ಜಯನಗರದ ತಾರಸಿಗೆ ತಂದಿಟ್ಟರೆ ಅದು ಎಲೆ ಬಿಡುತ್ತದೆ, ಕಾಯಿಯನ್ನೂ ಬಿಡುತ್ತದೆ, ಆಮೇಲೆ ಆ ಕಾಯಿಯಲ್ಲಿ ಹೆಚ್ಚಿನದನ್ನೆಲ್ಲ ಉದುರಿಸಿ ಸುಮ್ಮನೆ ನಿಲ್ಲುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಕಾಯಿ ಬೆಳೆಯುವ ರೀತಿ ನೋಡಿ, ಅದು ಗೊತ್ತಾದರೆ ಉಳಿದದ್ದು ಸುಲಭ. ಎಲೆ ಕಾಂಡಕ್ಕೆ ಸೇರುವ ಕಡೆ ಬಟಾಣಿಯಷ್ಟು ಕಾಯಿ ಮೂಡುತ್ತದೆ. ಕೆಲವು ವಾರ ಚೆನ್ನಾಗಿ ಬೆಳೆಯುತ್ತದೆ. ಆಮೇಲೆ ನಿಂತುಬಿಡುತ್ತದೆ. ಹಸಿರಾಗಿ, ಗಟ್ಟಿಯಾಗಿ, ವಾರಗಟ್ಟಲೆ ಒಂದಿಂಚೂ ಕದಲದೆ ಕೂತಿರುತ್ತದೆ. ಜನ ಗಾಬರಿಯಾಗಿ ಗೊಬ್ಬರ ಸುರಿಯುವುದು ಈ ಹೊತ್ತಿನಲ್ಲೇ. ಏನೂ ಮಾಡಬೇಡಿ, ಅದರ ಸ್ವಭಾವವೇ ಹಾಗೆ. ಒಂದು ದಿನ ಇದ್ದಕ್ಕಿದ್ದಂತೆ ಬಣ್ಣ ತಿರುಗುತ್ತದೆ, ಕೆಲವೇ ದಿನದಲ್ಲಿ ಕಾಯಿ ಉಬ್ಬುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಅಲ್ಲಿತನಕ ನೆಟ್ಟಗೆ ನಿಂತಿದ್ದದ್ದು ತೊಟ್ಟಿನ ಹತ್ತಿರ ಬಾಗಿ ಕೆಳಕ್ಕೆ ಜೋತು ಬೀಳುತ್ತದೆ. ಸಕ್ಕರೆ ತುಂಬುವುದು ಈ ಕೊನೆಯ ದಿನಗಳಲ್ಲಿ. ಆ ದಿನಗಳಲ್ಲಿ ಬಿಸಿಲಿದ್ದರೆ ಜೇನು, ಮಳೆ ಬಂದರೆ ಸಪ್ಪೆ. ತಳಿ ಯಾವುದೇ ಆಗಲಿ. ಅಂಜೂರವನ್ನು ಕಿತ್ತ ಮೇಲೆ ಅದು ಮಾವಿನಂತೆ ಹುಲ್ಲಿನಲ್ಲಿ ಹಣ್ಣಾಗುವುದಿಲ್ಲ, ಮೆತ್ತಗಾದೀತು, ಸಿಹಿ ಬರುವುದಿಲ್ಲ. ಕೀಳುವಾಗ ತೊಟ್ಟಿನಲ್ಲಿ ಬಿಳೀ ಹಾಲು ಒಸರಿತಾ, ಇನ್ನೂ ಆಗಿಲ್ಲ ಅಂತ ಲೆಕ್ಕ.

ಇನ್ನು ಕಾಯಿಯನ್ನು ತಿರುವಿ ಅದರ ತಳ ನೋಡಿ. ಅಲ್ಲೊಂದು ಸಣ್ಣ ತೂತು ಇರುತ್ತದೆ, ಕಣ್ಣು ಅಂತ ಕರೆಯುತ್ತಾರೆ. ಕೆಲವು ತಳಿಯಲ್ಲಿ ಅದು ಸಾಸಿವೆ ಹೋಗುವಷ್ಟು ತೆರೆದಿರುತ್ತದೆ. ಕೆಲವದರಲ್ಲಿ ಬಿಗಿಯಾಗಿ ಮುಚ್ಚಿರುತ್ತದೆ, ಇನ್ನು ಕೆಲವದರಲ್ಲಿ ಹಣ್ಣಾಗುವಾಗ ಒಂದು ತೊಟ್ಟು ಅಂಟು ರಸ ಬಂದು ಅದನ್ನು ಮುಚ್ಚುತ್ತದೆ. ತೆರೆದ ಕಣ್ಣಿನಲ್ಲಿ ಮಳೆನೀರು ಹೋಗುತ್ತದೆ, ಇರುವೆ ಹೋಗುತ್ತದೆ, ಸಣ್ಣ ನೊಣ ಹೋಗುತ್ತದೆ. ಒಳಗೆ ಹುಳಿ ಬರುತ್ತದೆ. ಹೊರಗಿನಿಂದ ನೋಡಿದರೆ ಚೆಂದದ ಹಣ್ಣು, ಬಿಡಿಸಿದರೆ ಹೆಂಡದ ವಾಸನೆ. ತೇವ ಜಾಸ್ತಿ ಇರುವ ಊರಿನವರು ಬಣ್ಣ ಗಾತ್ರ ಬಿಟ್ಟು ಮೊದಲು ಈ ಕಣ್ಣನ್ನು ನೋಡಬೇಕು.

ಮೂರನೇ ವಿಷಯ ಕಣಜದ್ದು. ಅಂಜೂರ ನಮ್ಮ ಅತ್ತಿ, ಆಲ, ಅರಳಿಯ ಬಳಗ. ಹೂವು ಹಣ್ಣಿನ ಒಳಗೇ ಅರಳುತ್ತದೆ. ಸ್ಮಿರ್ನಾ ಜಾತಿಯ ಅಂಜೂರಕ್ಕೆ ಪರಾಗಸ್ಪರ್ಶ ಆಗಲೇಬೇಕು, ಅದನ್ನು ಮಾಡುವುದು ಆ ಕಣ್ಣಿನಿಂದ ಒಳಗೆ ನುಗ್ಗುವ ಒಂದು ಸಣ್ಣ ಕಣಜ. ಕಣಜ ಇಲ್ಲದಿದ್ದರೆ ಕಾಯಿ ಅರ್ಧಕ್ಕೇ ಉದುರುತ್ತದೆ. ಟರ್ಕಿಯ ಹೆಸರುವಾಸಿ ಒಣ ಅಂಜೂರ, ಸಾರಿಲೋಪ್, ಇದೇ ಜಾತಿ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಅದರ ಕಡ್ಡಿ ತರಿಸಿ ನೆಟ್ಟರು. ಗಿಡ ಭರ್ಜರಿಯಾಗಿ ಬಂತು, ಹಣ್ಣು ಮಾತ್ರ ಒಂದೂ ನಿಲ್ಲಲಿಲ್ಲ. ಕಣಜವನ್ನೂ ತರಿಸಿ ಅದು ಫ್ರೆಸ್ನೊದಲ್ಲಿ ನೆಲೆ ನಿಂತದ್ದು 1899ರಲ್ಲಿ. ಅಷ್ಟು ವರ್ಷ ಕಾದರು ಪಾಪ. ಎರಡನೆಯದು ಸಾಮಾನ್ಯ ಅಂಜೂರ, ಇದಕ್ಕೆ ಕಣಜ ಬೇಡ, ತಾನೇ ಹಣ್ಣಾಗುತ್ತದೆ. ನಮ್ಮ ಪುಣೆ, ಬಳ್ಳಾರಿ ಎಲ್ಲ ಇದೇ. ಮೂರನೆಯದು ಸ್ಯಾನ್ ಪೆಡ್ರೊ ಜಾತಿ. ಇದು ಅರ್ಧ ಅಲ್ಲಿ, ಅರ್ಧ ಇಲ್ಲಿ. ಹಿಂದಿನ ವರ್ಷದ ಬಲಿತ ಕೊಂಬೆಯಲ್ಲಿ ಬರುವ ಮೊದಲ ಫಸಲು ಕಣಜವಿಲ್ಲದೆ ಹಣ್ಣಾಗುತ್ತದೆ, ಹೊಸ ಚಿಗುರಿನ ಮುಖ್ಯ ಫಸಲಿಗೆ ಕಣಜ ಬೇಕೇ ಬೇಕು. ಡೆಸರ್ಟ್ ಕಿಂಗ್ ಈ ಮೂರನೇ ಗುಂಪಿನದು. ನಾವು ಇಲ್ಲಿ ನೆಚ್ಚಿಕೊಳ್ಳುವುದು ಹೊಸ ಚಿಗುರಿನ ಫಸಲನ್ನು, ಜಯನಗರದಲ್ಲಿ ಅದು ಉದುರುವುದು ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ?

ಹಾಗಾಗಿ ಕರ್ನಾಟಕದಲ್ಲಿ ಇರುವವರು ಸಾಮಾನ್ಯ ಅಂಜೂರ ಬಿಟ್ಟು ಬೇರೆ ಯಾವುದನ್ನೂ ಕಣ್ಣೆತ್ತಿ ನೋಡಬೇಡಿ. ಆನ್‌ಲೈನ್‌ನಲ್ಲಿ ದುಬಾರಿ ವಿದೇಶಿ ಹೆಸರು ನೋಡಿ ಆಸೆಪಡುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ನಡೆಯುವುದು ಬಳ್ಳಾರಿ, ಪುಣೆ, ಡಯಾನ, ಬ್ರೌನ್ ಟರ್ಕಿ. ಶ್ರೀರಂಗಪಟ್ಟಣದ ಗಂಜಾಂ ಅಂಜೂರವನ್ನು ಹಳಬರು ಈಗಲೂ ನೆನೆಸುತ್ತಾರೆ, ಅದರ ಗಿಡ ಯಾರ ಹಿತ್ತಲಲ್ಲಾದರೂ ಇದ್ದರೆ ಒಂದು ಕಡ್ಡಿ ಕೇಳಿ ಇಸಿದುಕೊಳ್ಳಿ.

ಚಳಿ ನಮಗೆ ಸಮಸ್ಯೆಯೇ ಅಲ್ಲ. ಮಡಿಕೇರಿಯ ಚಳಿಗೂ ಅಂಜೂರಕ್ಕೆ ಏನೂ ಆಗುವುದಿಲ್ಲ. ನಮ್ಮ ಸಮಸ್ಯೆ ಪೂರ್ತಿ ಮಳೆಯದು. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500 ಮಿಲಿಮೀಟರ್, ಬೆಂಗಳೂರಿನಲ್ಲಿ ಅದರ ಎರಡರಷ್ಟು, ಮಂಗಳೂರಿನಲ್ಲಿ 3,500ಕ್ಕಿಂತ ಜಾಸ್ತಿ. ಈ ಮೂರು ಊರಿಗೆ ಒಂದೇ ಸಲಹೆ ಕೊಡುವವರನ್ನು ನಂಬಬೇಡಿ.

ಬಳ್ಳಾರಿ, ರಾಯಚೂರು, ವಿಜಯಪುರ, ಚಿತ್ರದುರ್ಗದ ಕಡೆಯವರು ಅದೃಷ್ಟವಂತರು. ಒಣ ಹವೆ, ಬೇಕಾದಷ್ಟು ಬಿಸಿಲು. ಅಲ್ಲಿ ಬಳ್ಳಾರಿ ತಳಿಯೂ ಸರಿ, ಡಯಾನವೂ ಸರಿ. ಡಯಾನ ದೊಡ್ಡ ಹಣ್ಣು, ಹಳದಿ ಮಿಶ್ರಿತ ಹಸಿರು ಸಿಪ್ಪೆ, ಒಣಗಿಸಲು ಚೆನ್ನಾಗಿರುತ್ತದೆ. ಅಂಥ ಬಿಸಿಲಿದ್ದರೆ ಮಾತ್ರ ಮನೆಯಲ್ಲಿ ಒಣಗಿಸುವ ಆಸೆ ಇಟ್ಟುಕೊಳ್ಳಿ. ಬೆಂಗಳೂರಿನವರು ಒಣಗಿಸಲು ಹೋಗಿ ಬೂಸ್ಟು ಹಿಡಿಸುವುದಕ್ಕಿಂತ ಹಸಿಯಾಗಿ ತಿಂದು ಮುಗಿಸುವುದು ಮೇಲು. ಎರೆಭೂಮಿ ಇರುವವರು ಒಂದು ಎಚ್ಚರ ವಹಿಸಬೇಕು, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ದಿಬ್ಬ ಮಾಡಿ ಅದರ ಮೇಲೆ ನೆಡಿ.

ಬೆಂಗಳೂರು, ತುಮಕೂರು, ಮೈಸೂರಿನವರಿಗೆ ತಳಿಗಿಂತ ಸವರುವ, ಅಂದರೆ ಕೊಂಬೆ ಕತ್ತರಿಸುವ, ಕಾಲ ಮುಖ್ಯ. ಇದನ್ನು ಪುಣೆಯವರಿಂದ ಕಲಿಯಬೇಕು. ಅಲ್ಲಿಯ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿ ಎರಡು ಫಸಲು. ಮಳೆಗಾಲಕ್ಕೆ ಬರುವುದನ್ನು ಖಟ್ಟಾ ಬಹಾರ್ ಅನ್ನುತ್ತಾರೆ, ಬೇಸಿಗೆಗೆ ಬರುವುದು ಮೀಠಾ ಬಹಾರ್. ಅದೇ ತೋಟ, ಅದೇ ಗಿಡ, ಅದೇ ತಳಿ. ಒಂದು ಹುಳಿ, ಇನ್ನೊಂದು ಸಿಹಿ. ‘ಸಿಹಿ ತಳಿ ಯಾವುದು’ ಅನ್ನುವವರಿಗೆ ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ತಿರ ಇಲ್ಲ.

ನಾವು ಮಾಡಬೇಕಾದದ್ದು ಮೀಠಾ ಬಹಾರ್. ಪುಣೆ, ಬೆಳಗಾವಿ, ಧಾರವಾಡದಲ್ಲಿ ಮುಂಗಾರು ಹಿಂದೆ ಸರಿಯುವಾಗ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಲ್ಲಿ ಸವರಬಹುದು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಜೋರು ಮಳೆ, ಆದ್ದರಿಂದ ಅಕ್ಟೋಬರ್ ಕೊನೆಯವರೆಗೆ ಕಾಯಿರಿ. ಆ ವರ್ಷದ ಕೊಂಬೆಗಳಲ್ಲಿ ಮೂರು ನಾಲ್ಕು ಗೆಣ್ಣು ಉಳಿಸಿ ಮೇಲಿನದನ್ನು ಕತ್ತರಿಸಿ. ಕೈಗವಸು ಹಾಕಿಕೊಳ್ಳಿ. ಆ ಹಾಲು ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ತಮಾಷೆ ಅಲ್ಲ. ಕತ್ತರಿಸಿದ ಕಡೆ ಬೋರ್ಡೊ ಮುಲಾಮು (ಮೈಲುತುತ್ತು, ಸುಣ್ಣ ಕಲಸಿದ್ದು) ಹಚ್ಚಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಕೊಡಿ. ಹೊಸ ಚಿಗುರು ಬಂದು, ಅದರಲ್ಲಿ ಕಾಯಿ ಕಟ್ಟಿ, ಆ ಕಾಯಿ ಮೂರು ನಾಲ್ಕು ತಿಂಗಳಿಗೆ ಹಣ್ಣಾಗುವ ಹೊತ್ತಿಗೆ ಫೆಬ್ರವರಿ, ಮಾರ್ಚ್, ಏಪ್ರಿಲ್. ಆಕಾಶ ಖಾಲಿ, ಬಿಸಿಲು ಚುರುಕು. ಪುಣೆ ತಳಿ, ಬಳ್ಳಾರಿ ತಳಿ, ಯಾವುದಿದ್ದರೂ ಈ ಲೆಕ್ಕದಲ್ಲಿ ಸಿಹಿಯಾಗುತ್ತದೆ.

ತಾರಸಿಯವರು ಹೆದರಬೇಡಿ, ಬೇರು ಇಕ್ಕಟ್ಟಾದರೆ ಅಂಜೂರ ಎಲೆ ಕಡಿಮೆ ಮಾಡಿ ಕಾಯಿ ಜಾಸ್ತಿ ಬಿಡುತ್ತದೆ. ಒಂದೂವರೆ ಅಡಿ ಅಗಲದ ಕುಂಡ ಸಾಕು. ನೀರು ಮಾತ್ರ ಒಂದೇ ಸಮ ಇರಬೇಕು. ನಾಲ್ಕು ದಿನ ಮರೆತು ಐದನೇ ದಿನ ಬಕೆಟ್ ಸುರಿದರೆ ಹಣ್ಣು ಬಿರಿಯುತ್ತದೆ, ಕಾಯಿ ಉದುರುತ್ತದೆ.

ಮಲೆನಾಡು, ಕರಾವಳಿಯವರ ಸರದಿ. ನೆಲದಲ್ಲಿ ನೆಡಬೇಡಿ ಅನ್ನುವುದೇ ನನ್ನ ಮಾತು. ಜೂನ್ ಬಂದು ಹದಿನೈದು ದಿನ ಮಳೆ ಹಿಡಿದರೆ ಎಲೆಯ ಅಡಿಭಾಗ ನೋಡಿ, ಇಟ್ಟಿಗೆ ಪುಡಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಳ್ಳೆ, ಬೆರಳಿಂದ ಒರೆಸಿದರೆ ಬೆರಳಿಗೆ ಅಂಟುತ್ತದೆ. ತುಕ್ಕು ರೋಗ. ಎಲೆಯೆಲ್ಲ ಹಳದಿಯಾಗಿ ಉದುರಿ ಗಿಡ ಬೋಳಾಗುತ್ತದೆ, ಕೆಳಗೆ ಬೇರು ನೀರಲ್ಲಿ ಮುಳುಗಿರುತ್ತದೆ. ಆದರೆ ಒಂದು ವಿಷಯ ಇದೆ, ಕರಾವಳಿಯಲ್ಲೂ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಅಷ್ಟಾಗಿ ಇಲ್ಲ. ಗಿಡವನ್ನು ಮಳೆಗಾಲ ದಾಟಿಸಿದರೆ ಹಣ್ಣಿನ ಕಾಲ ನಿಮ್ಮದೇ. ಅದಕ್ಕೇ ಕುಂಡದಲ್ಲಿಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗೆ, ಬೆಳಕಿರುವ ಕಡೆ ಎಳೆದಿಟ್ಟು, ನೀರು ಕಡಿಮೆ ಮಾಡಿ, ಅಕ್ಟೋಬರ್‌ನಲ್ಲಿ ಸವರಿ ಹೊರಗಿಡಿ. ಇಷ್ಟು ಪಾಡು ಯಾಕೆ ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ಹಿತ್ತಲಲ್ಲಿ ಹಲಸಿನ ಮರ ಇದ್ದವರು ಅಂಜೂರಕ್ಕೆ ಯಾಕೆ ಹಟ ಹಿಡಿಯುತ್ತೀರೋ! ಹಲಸೂ ಅದೇ ಕುಟುಂಬದ್ದು, ಗೊತ್ತಾ.

ಈಗ ಪರದೆಯಲ್ಲಿ ಇರುವವರಿಗೆ. ನಿಮ್ಮ ಲೆಕ್ಕ ನಮ್ಮದಕ್ಕೆ ತಿರುಗಾಮುರುಗಾ. ಅಲ್ಲಿ ಕೇಳಬೇಕಾದದ್ದು, ಬೇಸಿಗೆ ಮುಗಿಯುವ ಮೊದಲು ಯಾವ ಫಸಲು ಹಣ್ಣಾಗುತ್ತದೆ ಅಂತ.

ಸಿಯಾಟಲ್, ಪೋರ್ಟ್‌ಲೆಂಡ್‌ನಲ್ಲಿ ಚಳಿ ಅಷ್ಟೇನೂ ಕಡುವಲ್ಲ, ಆದರೆ ಬೇಸಿಗೆ ತಂಪು, ಗಿಡ್ಡ. ಹೊಸ ಚಿಗುರಿನ ಕಾಯಿ ಹಣ್ಣಾಗುವಷ್ಟರಲ್ಲಿ ಮೋಡ ಕವಿದು ಮಳೆ ಶುರು. ಹಾಗಾಗಿ ಅಲ್ಲಿ ನಂಬಬೇಕಾದದ್ದು ಹಳೇ ಕೊಂಬೆಯ ಮೊದಲ ಫಸಲನ್ನು, ಅದು ಜುಲೈ ಕೊನೆ, ಆಗಸ್ಟ್‌ನಲ್ಲಿ ಕೈಗೆ ಬರುತ್ತದೆ. ಡೆಸರ್ಟ್ ಕಿಂಗ್ ಆ ಫಸಲನ್ನು ಧಾರಾಳವಾಗಿ ಕೊಡುತ್ತದೆ, ಅದಕ್ಕೆ ಕಣಜವೂ ಬೇಡ. ಮುಖ್ಯ ಫಸಲು ಉದುರುತ್ತದೆ, ಉದುರಲಿ ಬಿಡಿ, ಅಲ್ಲಿ ಅದು ಹೇಗಿದ್ದರೂ ಹಣ್ಣಾಗುತ್ತಿರಲಿಲ್ಲ. ಲಟ್ಟರೂಲಾ ಇನ್ನೊಂದು ಒಳ್ಳೇ ತಳಿ. ಇದರಿಂದ ಒಂದು ಮುಖ್ಯ ಮಾತು ಬರುತ್ತದೆ. ಊರಿನ ವಿಡಿಯೊ ನೋಡಿಕೊಂಡು ಅಲ್ಲಿ ಚಳಿಗಾಲದಲ್ಲಿ ಗಿಡವನ್ನು ಬೋಳಿಸಬೇಡಿ. ಪುಣೆಯಲ್ಲಿ ಕೊಂಬೆ ಕತ್ತರಿಸಿದರೆ ಫಸಲು, ಸಿಯಾಟಲ್‌ನಲ್ಲಿ ಕತ್ತರಿಸಿದರೆ ಮುಂದಿನ ವರ್ಷದ ಫಸಲೇ ಕಸದ ಬುಟ್ಟಿಗೆ.

ನ್ಯೂಜೆರ್ಸಿ, ಶಿಕಾಗೊ ಕಡೆ ಇದೂ ನಡೆಯುವುದಿಲ್ಲ. ಎಲೆ ಉದುರಿಸಿ ಮಲಗಿದ ಬಲಿತ ಅಂಜೂರ ಸುಮಾರು ಮೈನಸ್ 10 ಡಿಗ್ರಿವರೆಗೆ ತಡೆಯುತ್ತದೆ, ಅದಕ್ಕಿಂತ ಕೆಳಗೆ ಇಳಿದರೆ ಮೇಲಿನ ಕೊಂಬೆ ಸಾಯುತ್ತದೆ. ಹಳೇ ಕೊಂಬೆ ಸತ್ತ ಮೇಲೆ ಮೊದಲ ಫಸಲಿನ ಮಾತೇ ಇಲ್ಲ. ಬೇಕಾದದ್ದು ಬುಡದಿಂದ ಮತ್ತೆ ಚಿಗುರಿ, ಅದೇ ವರ್ಷ ಬೇಗ ಹಣ್ಣು ಕೊಡುವ ತಳಿ. ಹಾರ್ಡಿ ಶಿಕಾಗೊ ಹೆಸರು ಮಾಡಿದ್ದು ಇದಕ್ಕೇ, ರೋಂಡ್ ದ ಬೋರ್ಡೊ ಕೂಡ ಬೇಗ ಮಾಗುತ್ತದೆ. ನ್ಯೂಯಾರ್ಕ್, ನ್ಯೂಜೆರ್ಸಿಯ ಇಟಲಿ ಮೂಲದ ಮನೆಗಳಲ್ಲಿ ಚಳಿಗಾಲಕ್ಕೆ ಅಂಜೂರದ ಗಿಡವನ್ನು ಬಾಗಿಸಿ, ಹೊಂಡದಲ್ಲಿ ಮಲಗಿಸಿ, ಮಣ್ಣು ಮುಚ್ಚಿ, ವಸಂತಕ್ಕೆ ಮತ್ತೆ ಎಬ್ಬಿಸುವ ಪದ್ಧತಿ ಇದೆ. ಅಷ್ಟು ಶ್ರಮ ಬೇಡ ಅಂದರೆ ಕುಂಡದಲ್ಲಿ ಬೆಳೆಸಿ ಎಲೆ ಉದುರಿದ ಮೇಲೆ ಗ್ಯಾರೇಜಿಗೆ ದಬ್ಬಿ. ಅಲ್ಲಿ ಬೆಳಕು ಬೇಡ, ಮಣ್ಣು ಪೂರ್ತಿ ಒಣಗದಷ್ಟು ನೀರು ಕೊಟ್ಟರೆ ಸಾಕು. ಮನೆಯೊಳಗೆ ಬೆಚ್ಚಗಿನ ಹಾಲ್‌ಗೆ ತರಬೇಡಿ, ಜನವರಿಯಲ್ಲೇ ಚಿಗುರಿ ಸೊರಗುತ್ತದೆ.

ಹ್ಯೂಸ್ಟನ್, ಲೂಸಿಯಾನಾದ ತೇವದ ಬೇಸಿಗೆಗೆ ಮುಚ್ಚಿದ ಕಣ್ಣಿನವು. ಸೆಲೆಸ್ಟ್, ಎಲ್‌ಎಸ್‌ಯು ಪರ್ಪಲ್, ಟೆಕ್ಸಾಸ್‌ನಲ್ಲೇ ತಯಾರಾದ ಆಲ್ಮಾ. ನಮ್ಮ ಮಂಗಳೂರಿನವರಿಗೂ ಇಂಥವೇ ಬೇಕಿತ್ತು, ಇಲ್ಲಿನ ನರ್ಸರಿಗಳಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ, ಅದೇ ಬೇಜಾರು. ಲಂಡನ್‌ನವರಿಗೆ ಬ್ರೌನ್ ಟರ್ಕಿ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಪಕ್ಕ, ಬೇರು ಹರಡದಂತೆ ಎರಡಡಿಯ ಗುಂಡಿಗೆ ಕಲ್ಲು ಚಪ್ಪಡಿ ಕೊಟ್ಟು. ನವೆಂಬರ್‌ನಲ್ಲಿ ಬಟಾಣಿಗಿಂತ ದೊಡ್ಡ ಹಸಿರು ಕಾಯಿಗಳನ್ನೆಲ್ಲ ಕಿತ್ತುಹಾಕಿ, ಬಟಾಣಿಯಷ್ಟಿರುವುದನ್ನು ಬಿಡಿ. ದೊಡ್ಡವು ಚಳಿಗೆ ಸಾಯುತ್ತವೆ, ಚಿಕ್ಕವು ತಡೆದುಕೊಂಡು ಮುಂದಿನ ಬೇಸಿಗೆಗೆ ಹಣ್ಣಾಗುತ್ತವೆ. ಕ್ಯಾಲಿಫೋರ್ನಿಯಾದ ಒಳನಾಡಿನವರಿಗೆ ನಾನು ಹೇಳುವುದು ಏನೂ ಇಲ್ಲ, ಬ್ಲ್ಯಾಕ್ ಮಿಷನ್ ನೆಟ್ಟು ಆರಾಮಾಗಿರಿ. ಕಣಜವೂ ಅಲ್ಲೇ ಇದೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಬ್ರೌನ್ ಟರ್ಕಿ ಅಂತ ಇಂಗ್ಲೆಂಡ್‌ನಲ್ಲಿ ಮಾರುವ ಗಿಡ ಬೇರೆ, ಕ್ಯಾಲಿಫೋರ್ನಿಯಾದಲ್ಲಿ ಅದೇ ಹೆಸರಲ್ಲಿ ಮಾರುವುದು ಬೇರೆ. ನಮ್ಮಲ್ಲೂ ಡಯಾನ ಅನ್ನುವ ಚೀಟಿಗೆ ಎಲ್ಲ ಗಿಡದ ಮೇಲೂ ಕೂರುವ ಅಭ್ಯಾಸ ಇದೆ. ತೋಟಗಾರಿಕೆ ಇಲಾಖೆಯ ನರ್ಸರಿ, ಕೃಷಿ ವಿಶ್ವವಿದ್ಯಾಲಯದ ಮಾರಾಟ ಕೇಂದ್ರಗಳಲ್ಲಿ ಮೊದಲು ವಿಚಾರಿಸಿ. ಇನ್ನೂ ಒಳ್ಳೆಯದು, ನಿಮ್ಮದೇ ಬಡಾವಣೆಯಲ್ಲಿ ಚೆನ್ನಾಗಿ ಹಣ್ಣು ಬಿಡುವ ಗಿಡ ಹುಡುಕಿ, ಆ ಮನೆಯವರಿಂದ ಕಡ್ಡಿ ಪಡೆಯಿರಿ. ನಿಮ್ಮ ಮಳೆಯಲ್ಲೇ ಪಾಸಾದ ಗಿಡ ಅದು, ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಪೆನ್ಸಿಲ್ ದಪ್ಪದ, ಎಂಟು ಹತ್ತು ಇಂಚಿನ ಬಲಿತ ಕಡ್ಡಿ ಸಾಕು.

ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

‘ಸಾರ್, ಅಂಗಡಿಯ ಒಣ ಅಂಜೂರದ ಬೀಜ ಹಾಕಿದರೆ ಗಿಡ ಬರುತ್ತಾ?’ ಪರಾಗಸ್ಪರ್ಶ ಆದ ಹಣ್ಣಾಗಿದ್ದರೆ ಬರುತ್ತದೆ. ಆದರೆ ಸುಮಾರು ಅರ್ಧದಷ್ಟು ಗಂಡು ಗಿಡ, ತಿನ್ನುವ ಹಣ್ಣಲ್ಲ. ಉಳಿದವೂ ತಾಯಿಯಂತೆ ಇರುವುದಿಲ್ಲ, ಹೆಚ್ಚಿನವಕ್ಕೆ ಕಣಜ ಬೇಕು. ಸುಮ್ನೆ ಮೂರ್ನಾಲ್ಕು ವರ್ಷ ನೀರು ಹಾಕಿದ್ದಷ್ಟೇ ಬರುತ್ತದೆ. ಅಂಜೂರ ಯಾವತ್ತಿದ್ದರೂ ಕಡ್ಡಿಯ ಬೆಳೆ. ಜೋರ್ಡಾನ್ ಕಣಿವೆಯ ಗಿಲ್ಗಾಲ್‌ನಲ್ಲಿ 11,000 ವರ್ಷಕ್ಕಿಂತ ಹಳೆಯ ಸುಟ್ಟ ಅಂಜೂರಗಳು ಸಿಕ್ಕಿವೆ. ಅವು ಕಣಜವಿಲ್ಲದೆ ಕಟ್ಟಿದ ಹಣ್ಣು, ಅಂದರೆ ಆಗಲೇ ಜನ ಕಡ್ಡಿ ನೆಟ್ಟು ಬೆಳೆಸುತ್ತಿದ್ದರು ಅಂತ 2006ರಲ್ಲಿ ಸಂಶೋಧಕರು ವಾದ ಮಂಡಿಸಿದರು. ಒಪ್ಪದವರೂ ಇದ್ದಾರೆ ಅನ್ನಿ.

‘ಅಂಜೂರದೊಳಗೆ ಹುಳ ಇರುತ್ತಂತೆ, ನಾವು ಸಸ್ಯಾಹಾರಿಗಳು ತಿನ್ನಬಹುದಾ?’ ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ನಾವೆಲ್ಲ ಕೇಳಿ ಬೆಳೆದವರು. ಅತ್ತಿಯ ಕಣಜವೇ ಬೇರೆ. ಪುಣೆ, ಬಳ್ಳಾರಿ ಅಂಜೂರ ಕಣಜವಿಲ್ಲದೆ ಆಗುವ ಹಣ್ಣು, ಬಿಡಿಸಿ ಇರುವೆ ಇದೆಯಾ ನೋಡಿಕೊಂಡು ನಿಶ್ಚಿಂತೆಯಿಂದ ತಿನ್ನಿ. ಟರ್ಕಿಯ ಒಣ ಅಂಜೂರಕ್ಕೆ ಕಣಜ ಹೊಕ್ಕಿರುತ್ತದೆ. ಅದು ಒಳಗೇ ಸಾಯುತ್ತದೆ, ಹಣ್ಣಿನ ಕಿಣ್ವ ಅದನ್ನು ಬಹುಪಾಲು ಕರಗಿಸುತ್ತದೆ. ನಿಮಗೆ ಕಚಕಚ ಅನ್ನುವುದು ಬೀಜ, ಹುಳ ಅಲ್ಲ. ತಿನ್ನುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಕೊನೆಯದು ನ್ಯೂಜೆರ್ಸಿಯಿಂದ. ‘ಅಮ್ಮ ಮುಂದಿನ ತಿಂಗಳು ಬಳ್ಳಾರಿಯಿಂದ ಬರುತ್ತಾರೆ, ಸೂಟ್‌ಕೇಸಿನಲ್ಲಿ ಎರಡು ಕಡ್ಡಿ ತರಲು ಹೇಳಲಾ?’ ಹೇಳಬೇಡಿ. ಬೇಕಾದ ಸರಕಾರಿ ದಾಖಲೆ ಇಲ್ಲದೆ ಗಿಡ, ಕಡ್ಡಿ ಒಯ್ಯುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ, ಕಡ್ಡಿಯ ಜೊತೆ ತುಕ್ಕು ರೋಗವೂ, ಎಲೆಗೆ ಮಚ್ಚೆ ತರುವ ವೈರಸ್ಸೂ ಹೋಗಬಹುದು. ವಿಮಾನ ನಿಲ್ದಾಣದಲ್ಲಿ ವಯಸ್ಸಾದ ತಾಯಿಯನ್ನು ಪಕ್ಕಕ್ಕೆ ನಿಲ್ಲಿಸಿ ಪ್ರಶ್ನೆ ಕೇಳಿಸುವುದು ಬೇಡ. ಅದೂ ಅಲ್ಲದೆ ಬಳ್ಳಾರಿಯ ಸೆಕೆಗೆ ಹೊಂದಿಕೊಂಡ ಗಿಡ ನಿಮ್ಮ ಫೆಬ್ರವರಿಯನ್ನು ನೋಡಿ ಏನು ಮಾಡೀತು? ನಿಮ್ಮ ಹತ್ತಿರದ ನರ್ಸರಿಯಲ್ಲಿ ಹಾರ್ಡಿ ಶಿಕಾಗೊ ಕೇಳಿ. ಅಮ್ಮನಿಗೆ ಒಣಗಿಸಿದ ಬಳ್ಳಾರಿ ಅಂಜೂರ ತರಲು ಹೇಳಿ, ಪೊಟ್ಟಣ ಒಡೆಯದ ಹಾಗೆ, ಇಳಿದ ಮೇಲೆ ಕಸ್ಟಮ್ಸ್‌ನವರಿಗೆ ತಿಳಿಸಿ.